ಆಷಾಢದ ಗಾಳಿಗೆ ಗುಂಪಾಗಿ ಹೊರಟರೆ ಯಾವ ಬೆಟ್ಟ? ಕುಂತಿ ಬೆಟ್ಟ, ಕರಿಘಟ್ಟ, ಮೇಲುಕೋಟೆ: ಒಂದು ಹೋಲಿಕೆ

ಜೂನ್ ಮುಗಿಯುವ ಹೊತ್ತಿಗೆ ಮೈಸೂರಿನಲ್ಲಿ ಬಾಗಿಲುಗಳು ತಾವಾಗಿಯೇ ಬಡಿದುಕೊಳ್ಳೋಕೆ ಶುರು. ಮಹಡಿ ಮೇಲೆ ಒಣಗಿಹಾಕಿದ ಬಟ್ಟೆ ಪಕ್ಕದ ಮನೆಯ ಮಹಡಿ ಸೇರಿರುತ್ತದೆ. ನಮ್ಮ ಗುಂಪಿನಲ್ಲಿ ಮಾತು ಏಳುವುದೂ ಆಗಲೇ: ಈ ಸಲ ಯಾವ ಬೆಟ್ಟ? ಹತ್ತು ಹನ್ನೆರಡು ಜನ ಇರುತ್ತೇವೆ. ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರಬೇಕು. ದಟ್ಟ ಕಾಡು ಬೇಡ. ಹುಲ್ಲು, ಬಂಡೆ ಇರುವ ಬೋಳು ಬೆಟ್ಟ ಬೇಕು, ಗಾಳಿ ನೇರ ಮುಖಕ್ಕೆ ಹೊಡೆಯಬೇಕು.

ಹೀಗೆ ಕೇಳಿದವರಿಗೆಲ್ಲ ಸಿಗುವ ಉತ್ತರ ಒಂದೇ, 'ಅಲ್ಲಿ ವ್ಯೂ ಚೆನ್ನಾಗಿದೆ'. ನಮ್ಮ ಕಡೆ ಯಾವ ಬೆಟ್ಟ ಹತ್ತಿದರೂ ವ್ಯೂ ಚೆನ್ನಾಗಿಯೇ ಇರುತ್ತದೆ. ಅದನ್ನು ನೋಡಿ ಆರಿಸಿದರೆ ಏನೂ ಆರಿಸಿದ ಹಾಗಲ್ಲ. ಇಷ್ಟು ವರ್ಷ ಹೋಗಿಬಂದ ಮೇಲೆ ನಾನು ಕೇಳುವ ಪ್ರಶ್ನೆ ಎರಡೇ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರು? ಅವರಿಗೆ ಸಾಕು ಅನಿಸಿದ ಜಾಗದಲ್ಲಿ ಗಾಳಿಗೆ ಮರೆಯಾಗಿ ಕೂರೋಕೆ, ಅಲ್ಲಿಂದಲೇ ವಾಪಸ್ ಇಳಿಯೋಕೆ ದಾರಿ ಇದೆಯಾ? ಇವೆರಡಕ್ಕೆ ಉತ್ತರ ಸಿಕ್ಕರೆ ಬೆಟ್ಟ ಯಾವುದು ಅಂತ ತಾನಾಗಿಯೇ ತೀರ್ಮಾನ ಆಗುತ್ತದೆ.

ಮೊದಲು ಗಾಳಿಯ ವಿಷಯ

ನಮ್ಮ ಮೈಸೂರು, ಮಂಡ್ಯ ಕಡೆ ಆಷಾಢ ಅಂದರೆ ಮಳೆಗಿಂತ ಗಾಳಿ ಜಾಸ್ತಿ. ಮುಂಗಾರಿನ ಮಳೆಯನ್ನು ಪಶ್ಚಿಮ ಘಟ್ಟಗಳು ತಮ್ಮಲ್ಲೇ ಇಳಿಸಿಕೊಂಡುಬಿಡುತ್ತವೆ, ನಮಗೆ ಬರುವುದು ಗಾಳಿ ಮತ್ತು ಆಗಾಗ ಒಂದು ತುಂತುರು. ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅದೂ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಜೊತೆ. ಏಪ್ರಿಲ್, ಮೇ ತಿಂಗಳಲ್ಲೂ ಅದೇ ಕಥೆ. ಬೋಳು ಬಂಡೆ ಮೇಲೆ ಸಿಡಿಲಿಗೆ ಸಿಕ್ಕಿಕೊಳ್ಳುವುದಕ್ಕಿಂತ ಆಷಾಢದ ಗಾಳಿಗೆ ಮೈಯೊಡ್ಡುವುದು ಎಷ್ಟೋ ವಾಸಿ. ಹಾಗಾಗಿ ನಮ್ಮ ನಡಿಗೆಗೆ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಒಳ್ಳೆಯ ಕಾಲ. ಹುಲ್ಲು ಹಸಿರಾಗಿರುತ್ತದೆ, ಬಿಸಿಲು ಮೋಡದ ಹಿಂದೆ ಇರುತ್ತದೆ.

ಈ ಗಾಳಿ ಬರುವುದು ಪಶ್ಚಿಮ, ನೈಋತ್ಯದ ಕಡೆಯಿಂದ. ಇದನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಬುತ್ತಿ ಬಿಚ್ಚುವುದಿದ್ದರೆ ಬೆಟ್ಟದ ಪೂರ್ವದ ಮಗ್ಗುಲಿಗೆ ಬನ್ನಿ, ತುದಿಯಿಂದ ಒಂದಿಪ್ಪತ್ತು ಮೂವತ್ತು ಅಡಿ ಕೆಳಗೆ ಇಳಿದು ದೊಡ್ಡ ಬಂಡೆಗೆ ಬೆನ್ನು ಕೊಟ್ಟು ಕೂತುಕೊಳ್ಳಿ. ಮೇಲೆ ಮಾತೇ ಕೇಳಿಸದಷ್ಟು ಸದ್ದಿದ್ದರೂ ಅಲ್ಲಿ ಎಲೆ ಅಲುಗುವುದಿಲ್ಲ. ಕೆಳಗೆ ಊರಲ್ಲಿ ಗಾಳಿ ಅಷ್ಟೇನಿಲ್ಲ ಅಂದುಕೊಂಡು ಮೇಲೆ ಹೋದವರು ಬೆಚ್ಚಿಬೀಳುತ್ತಾರೆ, ಅದಕ್ಕೂ ಕಾರಣ ಇದೆ. ಬಯಲಲ್ಲಿ ಹರಡಿಕೊಂಡು ಬರುವ ಗಾಳಿ ಬೆಟ್ಟವನ್ನು ಹತ್ತಿ ದಾಟಬೇಕು. ದಾಟೋಕೆ ಜಾಗ ಕಡಿಮೆ. ನಾಲೆಯಲ್ಲಿ ನಿಧಾನ ಹರಿಯುವ ನೀರು ತೂಬಿನ ಹತ್ತಿರ ಬಂದಾಗ ನುಗ್ಗುತ್ತದಲ್ಲ, ಹಾಗೆ ಗಾಳಿ ತುದಿಯಲ್ಲಿ ನುಗ್ಗುತ್ತದೆ. ಎರಡು ಬಂಡೆಗಳ ಸಂದಿಯಲ್ಲಂತೂ ಇನ್ನೂ ಜೋರು. ಫೋಟೋ ತೆಗೆಸಿಕೊಳ್ಳೋಕೆ ಎಲ್ಲರೂ ಹೋಗಿ ನಿಲ್ಲುವುದು ಅದೇ ಸಂದಿಯಲ್ಲಿ. ದಯವಿಟ್ಟು ಅಲ್ಲಿ ಕೂತು ತೆಗೆಸಿಕೊಳ್ಳಿ, ನಿಂತು ಬೇಡ.

ಇನ್ನೊಂದು, ಗಾಳಿ ಸಾಮಾನ್ಯವಾಗಿ ಬೆಳಗಿನ ಜಾವ ತಣ್ಣಗಿದ್ದು ಬಿಸಿಲು ಏರಿದ ಹಾಗೆ ಏರುತ್ತದೆ, ಮಧ್ಯಾಹ್ನ ಅದರ ಜೋರು. ಆದ್ದರಿಂದ ಕಷ್ಟದ ಜಾಗವನ್ನು ಬೆಳಿಗ್ಗೆಯೇ ದಾಟಿ, ಸುಲಭದ ದಾರಿಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಕುಂತಿ ಬೆಟ್ಟ

ಪಾಂಡವಪುರದ ಪಕ್ಕ. ಮೈಸೂರಿನಿಂದ ಸುಮಾರು 30 ಕಿ.ಮೀ., ಮಂಡ್ಯದಿಂದಲೂ ಹೆಚ್ಚುಕಮ್ಮಿ ಅಷ್ಟೇ. ಪಾಂಡವರು ಕುಂತಿಯ ಜೊತೆ ವನವಾಸದಲ್ಲಿ ಇಲ್ಲಿದ್ದರು ಅನ್ನುವುದು ಊರಿನ ನಂಬಿಕೆ, ಊರಿನ ಹೆಸರೂ ಅದರಿಂದಲೇ. ಹೈದರ್, ಟಿಪ್ಪು ಕಾಲದಲ್ಲಿ ಅವರಿಗೆ ನೆರವಾಗಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಿಂದ ಬ್ರಿಟಿಷರು ಈ ಊರನ್ನು ಫ್ರೆಂಚ್ ರಾಕ್ಸ್ ಅಂತಲೇ ಕರೆಯುತ್ತಿದ್ದರು. ಆ ಹೆಸರಿನಲ್ಲಿರುವ ರಾಕ್ಸ್ ಏನು ಅಂತ ಬೆಟ್ಟದ ಬುಡದಲ್ಲಿ ನಿಂತರೆ ಗೊತ್ತಾಗುತ್ತದೆ. ಮನೆ ಗಾತ್ರದ ಬಂಡೆಗಳು, ಒಂದರ ಮೇಲೊಂದು ಒರಗಿಕೊಂಡು ನಿಂತಿವೆ.

ಗಾಳಿ ಬೇಕು ಅನ್ನುವವರಿಗೆ ಈ ಮೂರರಲ್ಲಿ ಇದೇ ಮೊದಲನೆಯದು. ಮೇಲೆ ಹೋದರೆ ಒಂದು ಕಡೆ ಕಬ್ಬಿನ ಗದ್ದೆ, ಇನ್ನೊಂದು ಕಡೆ ತೊಣ್ಣೂರು ಕೆರೆಯ ನೀರು ಹೊಳೆಯುತ್ತಿರುತ್ತದೆ. ಕಬ್ಬಿನ ಗದ್ದೆಯ ಮೇಲೆ ಗಾಳಿ ಹೋಗುವುದು ಕಣ್ಣಿಗೆ ಕಾಣುತ್ತದೆ. ಸೀರೆಯ ಮೇಲೆ ಕೈಯಾಡಿಸಿದ ಹಾಗೆ ಒಂದು ಗೆರೆ ಓಡಿಬರುತ್ತದೆ, ಅದು ಬೆಟ್ಟದ ಬುಡ ಮುಟ್ಟಿದ ಸ್ವಲ್ಪ ಹೊತ್ತಿಗೆ ನಿಮ್ಮ ಮುಖಕ್ಕೆ ಬಡಿಯುತ್ತದೆ. ಇದನ್ನು ನೋಡೋಕೆಂದೇ ನಾನು ಮತ್ತೆ ಮತ್ತೆ ಹೋಗುತ್ತೇನೆ.

ಆದರೆ ಗುಂಪಿಗೆ? ಇಲ್ಲಿ ಸ್ವಲ್ಪ ಯೋಚನೆ ಮಾಡಬೇಕು. ಮೇಲಕ್ಕೆ ಹೋಗುವಾಗ ದಾರಿ ಅಲ್ಲಲ್ಲಿ ಬಂಡೆಗಳ ನಡುವೆ ಕವಲೊಡೆಯುತ್ತದೆ. ಕೆಲವು ಕಡೆ ಕೈ ಊರಿ ಹತ್ತಬೇಕು. ತುಂತುರು ಬಿದ್ದಿದ್ದರೆ ಬಂಡೆ ಮೇಲಿನ ಕಪ್ಪು ಪಾಚಿ ಸೋಪು ಸವರಿದ ಹಾಗಾಗಿರುತ್ತದೆ.

ನಾವು ಒಂದು ಆಷಾಢದ ಭಾನುವಾರ ಹದಿನಾಲ್ಕು ಜನ ಹೋಗಿದ್ದೆವು. ಹೊರಟಿದ್ದೇ ತಡ, ಹತ್ತೋಕೆ ಶುರು ಮಾಡುವಾಗ ಒಂಬತ್ತೂವರೆ. ಹುಡುಗರು ನಾಲ್ಕು ಜನ ಮುಂದೆ ಓಡಿದರು, ನಾನು ನಡುವೆ ಇದ್ದೆ. ಹಿಂದೆ ನಮ್ಮ ಜೊತೆ ಕೆಲಸ ಮಾಡುವ ಒಬ್ಬ ಅಕ್ಕ, ಐವತ್ತೈದು ದಾಟಿದವರು, ಮಂಡಿ ನೋವಿದ್ದರೂ 'ನಾನೂ ಬರುತ್ತೇನೆ' ಅಂತ ಖುಷಿಯಿಂದ ಬಂದಿದ್ದರು. ಮುಂದಿನವರಿಗೆ ಹಿಂದಿನವರು ಬರುತ್ತಿದ್ದಾರೆ ಅನ್ನುವ ನಂಬಿಕೆ, ಹಿಂದಿನವರಿಗೆ ಮುಂದಿನವರು ಕಾಯುತ್ತಾರೆ ಅನ್ನುವ ನಂಬಿಕೆ. ಮೇಲೆ ಹೋಗಿ ತಲೆ ಎಣಿಸಿದರೆ ಹದಿಮೂರು. ಎಲ್ಲರೂ ಸೇರಿ ಕೂಗಿದೆವು, ಗಂಟಲು ಕಿತ್ತುಹೋಗುವ ಹಾಗೆ. ಗಾಳಿ ಬಾಯಿಂದ ಮಾತು ಹೊರಬೀಳುವ ಮುಂಚೆಯೇ ಕಿತ್ತುಕೊಂಡು ಹೋಗುತ್ತಿತ್ತು. ಫೋನ್ ಮಾಡಿದರೆ ರಿಂಗ್ ಆಗುತ್ತಿದೆ, ಆ ಗಾಳಿಯ ಸದ್ದಿನಲ್ಲಿ ಅವರಿಗೆ ಕೇಳುತ್ತಿಲ್ಲ. ಸುಮಾರು ನಲವತ್ತು ನಿಮಿಷ ಹುಡುಕಿದ ಮೇಲೆ ಸಿಕ್ಕಿದರು. ಒಂದು ಕವಲಿನಲ್ಲಿ ಎಡಕ್ಕೆ ಹೋಗಿ, ಮುಂದೆ ದಾರಿ ಇಲ್ಲದೆ, ಬಂಡೆಗೆ ಒರಗಿ ಕೂತಿದ್ದರು. ಸೆರಗನ್ನು ತಲೆ ಕಿವಿಗೆಲ್ಲ ಸುತ್ತಿ ಎರಡೂ ಕೈಯಲ್ಲಿ ಬಿಗಿಹಿಡಿದುಕೊಂಡಿದ್ದರು. ಬೆರಳು ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು. 'ನೀವೆಲ್ಲ ಇಳಿದು ಹೋಗಿಬಿಟ್ಟಿರೇನೋ ಅಂದುಕೊಂಡೆ' ಅಂದರು. ಆ ಮಾತು ನನಗೆ ಇವತ್ತಿಗೂ ಮರೆತಿಲ್ಲ.

ತಪ್ಪು ಬೆಟ್ಟದ್ದಲ್ಲ, ನಮ್ಮದು. ಆ ಗುಂಪಿಗೆ ಆ ಬೆಟ್ಟ ಆಯ್ಕೆ ಮಾಡಬಾರದಿತ್ತು, ಮಾಡಿದ ಮೇಲೆ ಹಾಗೆ ಚದುರಬಾರದಿತ್ತು. ಹಾಗಾಗಿ ಕುಂತಿ ಬೆಟ್ಟ ಯಾರಿಗೆ ಅಂದರೆ: ಆರೆಂಟು ಜನ, ಎಲ್ಲರೂ ಹೆಚ್ಚುಕಮ್ಮಿ ಒಂದೇ ವೇಗದವರು, ಬಂಡೆ ಹತ್ತಿ ಅಭ್ಯಾಸ ಇರುವವರು, ಒಬ್ಬರಾದರೂ ಮುಂಚೆ ಹೋಗಿಬಂದು ದಾರಿ ಗೊತ್ತಿರುವವರು. ಬೆಳಕು ಹರಿದ ಮೇಲೆ ಶುರು ಮಾಡಿ ಹನ್ನೊಂದರೊಳಗೆ ಇಳಿದುಬಿಡಿ. ಸೂರ್ಯೋದಯ ನೋಡಬೇಕು ಅಂತ ಕತ್ತಲಲ್ಲಿ ಹತ್ತುವವರು ತುಂಬಾ ಇದ್ದಾರೆ, ನಾನು ಬೇಡ ಅನ್ನುತ್ತೇನೆ. ನಮ್ಮ ಕಡೆಯ ಇಂಥ ಕುರುಚಲು ಬೆಟ್ಟಗಳಲ್ಲಿ ಚಿರತೆ ಓಡಾಡುತ್ತವೆ, ಅದು ಅವುಗಳ ಹೊತ್ತು. ಇಳಿದ ಮೇಲೆ ಸಮಯ ಮಿಕ್ಕರೆ ತೊಣ್ಣೂರು ಕೆರೆಗೆ ಹೋಗಬಹುದು, ಹತ್ತಿರವೇ.

ಕರಿಘಟ್ಟ

ಶ್ರೀರಂಗಪಟ್ಟಣದ ಪಕ್ಕ, ಮೈಸೂರಿನಿಂದ 20 ಕಿ.ಮೀ. ಆಸುಪಾಸು. ಮೇಲೆ ಶ್ರೀನಿವಾಸನ ಗುಡಿ. ನಾನೂರು ಚಿಲ್ಲರೆ ಮೆಟ್ಟಿಲಿವೆ, ಗಾಡಿ ಹೋಗುವ ರಸ್ತೆಯೂ ಇದೆ. ಅಂದರೆ ಒಬ್ಬರು ಸುಸ್ತಾದರೆ ಗಾಡಿಯಲ್ಲಿ ಇಳಿಸಬಹುದು. ಗುಂಪಿನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ, ಅಲ್ವಾ?

ಬೆಟ್ಟದ ತುಂಬಾ ದರ್ಭೆ, ಮುಳ್ಳಿನ ಕುರುಚಲು, ಮಧ್ಯೆ ಮಧ್ಯೆ ತಂಗಡಿ ಗಿಡ. ಮರ ಕಡಿಮೆ, ಹಾಗಾಗಿ ಗಾಳಿಗೆ ಅಡ್ಡಿ ಇಲ್ಲ. ಕೆಳಗೆ ಲೋಕಪಾವನಿ ಕಾವೇರಿಗೆ ಸೇರುವ ಜಾಗ, ಆಚೆ ಶ್ರೀರಂಗಪಟ್ಟಣ, ಸುತ್ತ ಗದ್ದೆ. ಇದರ ಕೊರತೆ ಒಂದೇ. ನಡೆಯೋಕೆ ಬಂದವರಿಗೆ ಇದು ಬೇಗ ಮುಗಿದುಹೋಗುತ್ತದೆ. ಮೆಟ್ಟಿಲು ಹತ್ತಿ, ಗುಡಿ ನೋಡಿ, ಒಂದು ಸುತ್ತು ಹಾಕಿ ರಸ್ತೆಯಲ್ಲಿ ಇಳಿದರೂ ಅರ್ಧ ದಿನ ಸಾಕು. ದಿನ ಪೂರ್ತಿ ನಡೆಯಬೇಕು ಅಂತ ಬೂಟು ಕಟ್ಟಿದವರಿಗೆ ಸಪ್ಪೆ ಅನಿಸಬಹುದು. ಮಕ್ಕಳು, ಅಜ್ಜಿ ತಾತ, ಮೊದಲ ಸಲ ಬೆಟ್ಟ ಹತ್ತುವವರು ಇದ್ದರೆ ಕಣ್ಣುಮುಚ್ಚಿಕೊಂಡು ಇದನ್ನೇ ಆರಿಸಿ. ಹತ್ತೋದು ಮೆಟ್ಟಿಲಲ್ಲಿ, ಇಳಿಯೋದು ರಸ್ತೆಯಲ್ಲಿ ಅಂತ ಇಟ್ಟುಕೊಳ್ಳಿ, ಮಂಡಿ ಉಳಿಯುತ್ತದೆ. ಬೇಸಿಗೆಯಲ್ಲಿ ಒಣ ಹುಲ್ಲಿಗೆ ಬೆಂಕಿ ಬೀಳುವ ಜಾಗ ಇದು. ಬೀಡಿ, ಸಿಗರೇಟು, ಒಲೆ ಯಾವುದೂ ಬೇಡ.

ಮೇಲುಕೋಟೆ

ನನ್ನ ಆಯ್ಕೆ ಇದೇ, ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನಿಂದ ಸುಮಾರು 50 ಕಿ.ಮೀ., ಮಂಡ್ಯದಿಂದ ಸುಮಾರು 40. ಎಲ್ಲರೂ ಇದನ್ನು ಚೆಲುವನಾರಾಯಣನ ಊರು, ವೈರಮುಡಿ ಉತ್ಸವದ ಊರು, ಪುಳಿಯೋಗರೆ ಊರು ಅಂತ ನೋಡುತ್ತಾರೆ. ಇಲ್ಲಿ ನಡೆಯೋಕೆ ಎಂಥ ಬಯಲಿದೆ ಅಂತ ನೋಡಿದವರು ಕಡಿಮೆ.

ನಾವು ಮಾಡುವುದು ಹೀಗೆ. ಬೆಳಿಗ್ಗೆ ಕಲ್ಯಾಣಿಯ ಹತ್ತಿರ ಸೇರುತ್ತೇವೆ. ಗಾಳಿ ಏರುವ ಮುಂಚೆ ಯೋಗಾನರಸಿಂಹನ ಬೆಟ್ಟದ ಮೆಟ್ಟಿಲು ಹತ್ತಿ ಇಳಿದುಬಿಡುತ್ತೇವೆ. ಮೆಟ್ಟಿಲು ಚಾಮುಂಡಿ ಬೆಟ್ಟದ ಅರ್ಧಕ್ಕಿಂತ ಕಡಿಮೆ, ಆದರೆ ಕೊನೆಯಲ್ಲಿ ಕಡಿದಾಗಿದೆ. ಆಮೇಲೆ ಊರು ದಾಟಿ ರಾಯಗೋಪುರದ ಕಡೆ. ಪೂರ್ತಿಯಾಗದೆ ನಿಂತುಹೋದ ಗೋಪುರ, ಆಕಾಶಕ್ಕೆ ಎದ್ದ ಕಂಬಗಳು, ಮೇಲೆ ಏನೂ ಇಲ್ಲ. ಸುತ್ತ ಬಂಡೆ, ಹುಲ್ಲು, ಬಯಲು. ಆ ಕಂಬಗಳ ನಡುವೆ ಗಾಳಿ ಹೋಗುವಾಗ ಒಂದು ಸದ್ದು ಬರುತ್ತದೆ, ದೂರದಲ್ಲಿ ಯಾರೋ ಶಂಖ ಊದೋಕೆ ಪ್ರಯತ್ನ ಮಾಡಿ ಮಾಡಿ ಬಿಡುವ ಹಾಗೆ. ಅಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ಕೂತರೆ ಗಂಟೆ ಹೋಗಿದ್ದೇ ಗೊತ್ತಾಗುವುದಿಲ್ಲ. ಹತ್ತಿರದಲ್ಲೇ ಅಕ್ಕ ತಂಗಿ ಕೊಳ, ಪಕ್ಕಪಕ್ಕದ ಎರಡು ಕೊಳ. ಒಂದರ ನೀರು ಸಿಹಿ, ಇನ್ನೊಂದರದ್ದು ಕುಡಿಯೋಕೆ ಬಾರದು ಅಂತ ಊರವರು ಹೇಳುತ್ತಾರೆ. ಕಾಲಲ್ಲಿ ಇನ್ನೂ ಶಕ್ತಿ ಇದ್ದವರು ಧನುಷ್ಕೋಟಿಯವರೆಗೆ ಹೋಗಬಹುದು. ರಾಮ ಬಾಣ ಬಿಟ್ಟು ನೀರು ತರಿಸಿದ ಅನ್ನುವ ಜಾಗ ಅದು, ಅಲ್ಲಿನ ಬಂಡೆಗಳ ಮೇಲಿಂದ ಕೆಳಗಿನ ಬಯಲು ಪೂರ್ತಿ ಕಾಣುತ್ತದೆ.

ಈಗ ಗುಂಪಿನ ಲೆಕ್ಕಕ್ಕೆ ಬನ್ನಿ. ಈ ದಾರಿಯನ್ನು ಎಲ್ಲಿ ಬೇಕಾದರೂ ತುಂಡು ಮಾಡಬಹುದು. ನರಸಿಂಹನ ಬೆಟ್ಟ ಬೇಡ ಅನ್ನುವವರು ಕಲ್ಯಾಣಿಯ ಮಂಟಪದಲ್ಲಿ ಕೂರಬಹುದು. ರಾಯಗೋಪುರಕ್ಕೆ ಸಾಕು ಅನ್ನುವವರು ಊರಿಗೆ ನಡೆದು ಕಾಫಿ ಕುಡಿಯಬಹುದು. ಧನುಷ್ಕೋಟಿಗೆ ಹೋಗುವವರು ಹೋಗಲಿ. ಹೀಗೆ ಮೂರು ತರಹದ ಜನ ಒಂದೇ ದಿನ, ಒಂದೇ ಊರಲ್ಲಿ, ಯಾರೂ ಯಾರಿಗೂ ಭಾರ ಆಗದೆ ನಡೆಯಬಹುದು. ಕುಂತಿ ಬೆಟ್ಟದಲ್ಲಿ ಇದು ಆಗುವುದಿಲ್ಲ. ಕರಿಘಟ್ಟದಲ್ಲಿ ಇಳಿಯೋಕೆ ದಾರಿ ಇದೆ, ಆದರೆ ಇಷ್ಟು ನಡಿಗೆ ಇಲ್ಲ.

ಕಷ್ಟವೂ ಇದೆ. ಕೋತಿಗಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಸರಪರ ಅಂದರೆ ಬಂದುಬಿಡುತ್ತವೆ, ಊಟ ಬ್ಯಾಗಿನ ಒಳಗಿರಲಿ. ಇನ್ನು ಸುತ್ತಲ ಕಾಡು ವನ್ಯಧಾಮ. ತೋಳಗಳನ್ನು ಉಳಿಸೋಕೆ ಅಂತ 1974ರಲ್ಲಿ ಘೋಷಿಸಿದ್ದು, ಸುಮಾರು 50 ಚದರ ಕಿ.ಮೀ. ಇದೆ. ರಸ್ತೆ, ಗುಡಿ, ಕೊಳ ಬಿಟ್ಟು ಒಳಗೆ ಹೋಗಬೇಕು ಅನಿಸಿದರೆ ಅರಣ್ಯ ಇಲಾಖೆಯ ಅನುಮತಿ ತಗೊಳ್ಳಬೇಕು. ನಾರಾಯಣದುರ್ಗವೂ ಹಾಗೆಯೇ. ಅದು ಹಳೆಯ ಕೋಟೆ ಇರುವ ಕಡಿದಾದ ಬೆಟ್ಟ, ಚೆನ್ನಾಗಿದೆ, ಆದರೆ ಮಿಶ್ರ ಗುಂಪಿಗೆ ಅಲ್ಲ.

ಜನ ಕೇಳುವ ಇನ್ನೂ ಮೂರು ಹೆಸರು

ಚಾಮುಂಡಿ ಬೆಟ್ಟ: 1664ರಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲು, ದಾರಿಯಲ್ಲಿ ನಂದಿ, ತುದಿ ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಮೇಲೆ. ನಡೆದದ್ದು ಮೈಗೆ ತಿಳಿಯುತ್ತದೆ, ಬಯಲಿನ ಗಾಳಿ ಸಿಗುವುದಿಲ್ಲ. ಆಷಾಢದಲ್ಲಿ ಭಕ್ತರ ಜಾತ್ರೆ, ಶುಕ್ರವಾರ ಅಂತೂ ಕಾಲಿಡೋಕೆ ಜಾಗ ಇರುವುದಿಲ್ಲ. ಇದನ್ನು ಪರೀಕ್ಷೆಗೆ ಇಟ್ಟುಕೊಳ್ಳಿ. ಹೊರಡುವ ಎರಡು ವಾರ ಮುಂಚೆ ಗುಂಪನ್ನೆಲ್ಲ ಒಂದು ಬೆಳಿಗ್ಗೆ ಇಲ್ಲಿ ಹತ್ತಿಸಿ. ನಂದಿಯ ಹತ್ತಿರ ಬರುವಷ್ಟರಲ್ಲಿ ಯಾರಿಗೆ ಯಾವ ಬೆಟ್ಟ ಅಂತ ಗೊತ್ತಾಗುತ್ತದೆ.

ಹಿಮವದ್ ಗೋಪಾಲಸ್ವಾಮಿ ಬೆಟ್ಟ: ಹುಲ್ಲು, ಮಂಜು, ಗಾಳಿ, ಎಲ್ಲರ ಮನಸ್ಸಿನಲ್ಲಿರುವ ಚಿತ್ರ ಇದೇ. 1454 ಮೀಟರ್ ಎತ್ತರ. ಆದರೆ ಇದು ಬಂಡೀಪುರದ ಹುಲಿ ಕಾಡಿನೊಳಗೆ. ನಿಮ್ಮ ಗಾಡಿ ಕೆಳಗೇ ನಿಲ್ಲಬೇಕು, ಸರ್ಕಾರಿ ಬಸ್ಸಿನಲ್ಲಿ ಮೇಲೆ ಹೋಗಬೇಕು, ಹುಲ್ಲಿನ ಮೇಲೆ ಅಡ್ಡಾಡೋಕೆ ಬಿಡುವುದಿಲ್ಲ, ಬಿಡಲೂಬಾರದು. ನೋಡೋಕೆ ಹೋಗಿ, ನಡೆಯೋಕೆ ಅಲ್ಲ.

ಕೊಡಗಿನ ಹುಲ್ಲುಬೆಟ್ಟಗಳು: ಮಡಿಕೇರಿಯೇ 120 ಕಿ.ಮೀ. ದಿನದೊಳಗೆ ಹೋಗಿಬಂದರೆ ಕಾಲಿಗಿಂತ ಗಾಡಿ ಜಾಸ್ತಿ ನಡೆದಿರುತ್ತದೆ. ಮುಂಗಾರಿನಲ್ಲಿ ಜಿಗಣೆ ಬೇರೆ. ಎರಡು ದಿನ ಇದ್ದಾಗ ನೋಡೋಣ.

ದುಡ್ಡು ಕೊಟ್ಟು ಹೋಗುವುದೋ, ನಾವೇ ಹೋಗುವುದೋ?

ಎರಡನ್ನೂ ಮಾಡಿದ್ದೇನೆ. ಒಂದು ಸಲ ಚಾರಣ ಏರ್ಪಡಿಸುವವರಿಗೆ ದುಡ್ಡು ಕೊಟ್ಟು ಹೋದಾಗ ನಲವತ್ತು ಜನರಿಗೆ ದಾರಿ ತೋರಿಸೋಕೆ ಅವರ ಕಡೆಯ ಇಬ್ಬರೇ ಹುಡುಗರು, ಇಬ್ಬರೂ ಮುಂದೆ. ಹಿಂದೆ ಯಾರು ಉಳಿದರು ಅಂತ ನೋಡುವವರೇ ಇಲ್ಲ. ಅದಾದ ಮೇಲೆ ದುಡ್ಡು ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳುತ್ತೇನೆ: ಎಲ್ಲರಿಗಿಂತ ಹಿಂದೆ ನಿಮ್ಮವರು ಯಾರು ಬರುತ್ತಾರೆ? ತಡವರಿಸಿದರೆ ಬೇಡ. ದಾರಿ ಗೊತ್ತಿಲ್ಲದ ಬಂಡೆ ಬೆಟ್ಟಕ್ಕೆ ಒಳ್ಳೆಯ ಮಾರ್ಗದರ್ಶಿ ಸಿಕ್ಕರೆ ಆ ದುಡ್ಡು ದಂಡ ಅಲ್ಲ. ಕರಿಘಟ್ಟ, ಮೇಲುಕೋಟೆಗೆ ಬೇಕಾಗಿಲ್ಲ. ಬಸ್ಸಿನಲ್ಲೇ ಹೋಗಬಹುದು. 2023ರಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸು ಉಚಿತ ಇರುವುದರಿಂದ ನಮ್ಮ ಗುಂಪಿನಲ್ಲಿ ಅರ್ಧ ಜನಕ್ಕೆ ಟಿಕೆಟ್ ಖರ್ಚೇ ಇಲ್ಲ.

ಕೈಯಲ್ಲಿ ಏನಿರಬೇಕು

ಛತ್ರಿ ಮನೆಯಲ್ಲೇ ಬಿಡಿ. ಅಗಲದ ಪ್ಲಾಸ್ಟಿಕ್ ಕೊಪ್ಪೆಯೂ ಬೇಡ, ಗಾಳಿ ಅದರೊಳಗೆ ತುಂಬಿಕೊಂಡರೆ ಬಂಡೆ ಮೇಲೆ ನಿಮ್ಮನ್ನೇ ಎಳೆಯುತ್ತದೆ. ಮೈಗೆ ಹತ್ತಿಕೊಳ್ಳುವ ಜಾಕೆಟ್ ಸಾಕು. ದುಪ್ಪಟ್ಟಾ, ಸೆರಗು ಬಿಗಿಯಾಗಿ ಕಟ್ಟಿರಲಿ. ಒಂದು ಟವಲ್ ಇರಲಿ, ಗದ್ದೆಯಲ್ಲಿ ಕೆಲಸ ಮಾಡುವವರು ಸುತ್ತಿಕೊಳ್ಳುತ್ತಾರಲ್ಲ ಹಾಗೆ ತಲೆಗೂ ಕಿವಿಗೂ ಸೇರಿಸಿ ಸುತ್ತಿ. ಎರಡು ಗಂಟೆ ಕಿವಿಗೆ ಗಾಳಿ ಹೊಡೆದರೆ ಸಂಜೆ ತಲೆನೋವು ಗ್ಯಾರಂಟಿ.

ನೀರು ತಲೆಗೆ 2 ಲೀಟರ್. ಗಾಳಿಯಲ್ಲಿ ಬೆವರು ಕಾಣಿಸುವುದಿಲ್ಲ, ಬಾಯಾರಿಕೆಯೂ ತಡವಾಗಿ ಗೊತ್ತಾಗುತ್ತದೆ, ಬಿಸಿಲು ಸುಟ್ಟದ್ದು ರಾತ್ರಿ ಮುಖ ತೊಳೆಯುವಾಗ ಗೊತ್ತಾಗುತ್ತದೆ. ಬುತ್ತಿಗೆ ಚಿತ್ರಾನ್ನಕ್ಕಿಂತ ಪಲ್ಯ ಸುತ್ತಿದ ಚಪಾತಿ ಒಳ್ಳೆಯದು, ಒಂದೇ ಕೈಯಲ್ಲಿ ಹಿಡಿದು ತಿನ್ನಬಹುದು. ಕಾಗದದ ತಟ್ಟೆ ತಂದರೆ ಅದು ಬೆಟ್ಟ ಪೂರ್ತಿ ಹರಡುತ್ತದೆ, ಹೆಕ್ಕೋಕೆ ಆಗುವುದಿಲ್ಲ. ಜೇಬಿನಲ್ಲಿ ಒಂದು ತುಂಡು ಮಂಡ್ಯದ ಬೆಲ್ಲ, ಒಂದು ಹಿಡಿ ಹುರಿದ ಕಡಲೆಕಾಯಿ. ಸುಸ್ತಾದವರ ಬಾಯಿಗೆ ಬೆಲ್ಲ ಹಾಕಿ ಹತ್ತು ನಿಮಿಷ ಕೂರಿಸಿ, ಎದ್ದು ನಡೆಯುತ್ತಾರೆ. ಬಂಡೆ ಬೆಟ್ಟಗಳಲ್ಲಿ ಹೆಜ್ಜೇನು ಇರುತ್ತದೆ, ಸೆಂಟು ಹಾಕಿಕೊಳ್ಳಬೇಡಿ, ಹೊಗೆ ಮಾಡಬೇಡಿ, ಗೂಡು ಕಂಡರೆ ಸದ್ದಿಲ್ಲದೆ ದೂರ ಸರಿಯಿರಿ.

ಮತ್ತೆ ಸೀಟಿ. ಇಪ್ಪತ್ತು ಮೂವತ್ತು ರೂಪಾಯಿಯ ಪ್ಲಾಸ್ಟಿಕ್ ಸೀಟಿ, ಒಬ್ಬೊಬ್ಬರ ಕೊರಳಿಗೂ ಒಂದು. ಕೂಗು ಹೋಗದ ಕಡೆಗೂ ಅದರ ಸದ್ದು ಹೋಗುತ್ತದೆ. ಒಂದು ಉದ್ದ ಸೀಟಿ ಅಂದರೆ ನಿಲ್ಲಿ, ಎರಡು ಅಂದರೆ ನನ್ನ ಕಡೆ ಬನ್ನಿ, ಮೂರು ಅಂದರೆ ತೊಂದರೆಯಲ್ಲಿದ್ದೇನೆ. ಹೊರಡುವ ಮುಂಚೆ ಬಸ್ ಸ್ಟ್ಯಾಂಡಿನಲ್ಲೇ ಎಲ್ಲರ ಬಾಯಲ್ಲೂ ಇದನ್ನು ಒಮ್ಮೆ ಹೇಳಿಸುತ್ತೇವೆ. 112 ನಂಬರ್ ಎಲ್ಲರ ಫೋನಿನಲ್ಲೂ ಇರಲಿ. ಪ್ರತಿ ಕವಲಿನಲ್ಲೂ ನಿಂತು ತಲೆ ಎಣಿಸುತ್ತೇವೆ, ಎಣಿಕೆ ಸರಿಯಾಗುವವರೆಗೆ ಯಾರೂ ಹೆಜ್ಜೆ ಮುಂದಿಡುವುದಿಲ್ಲ.

ಈ ಆಷಾಢಕ್ಕೆ ನಮ್ಮ ಗುಂಪು ಹನ್ನೆರಡು ಜನ, ಮೇಲುಕೋಟೆಗೆ. ಆರೂವರೆಗೆ ಬಸ್ ಸ್ಟ್ಯಾಂಡಿನಲ್ಲಿ ಸೇರುತ್ತೇವೆ. ಕುಂತಿ ಬೆಟ್ಟದಲ್ಲಿ ಬಂಡೆಗೆ ಒರಗಿ ಕೂತಿದ್ದ ಆ ಅಕ್ಕ ಈ ಸಲವೂ ಬರುತ್ತಿದ್ದಾರೆ. ಈಗ ಅವರು ನಡೆಯುವುದು ಎಲ್ಲರಿಗಿಂತ ಮುಂದೆ. ಅವರು ನಿಂತರೆ ನಾವು ನಿಲ್ಲುತ್ತೇವೆ, ಅವರು ಎದ್ದರೆ ನಾವು ಏಳುತ್ತೇವೆ. ಓಡುವ ಹುಡುಗರು ಹಿಂದೆ.